ಎರಡು ರಿಪೋರ್ಟು, ಒಬ್ಬಳದೇ ಉಪವಾಸ

ಗದಗಿನ ತಂಗಿಯೊಬ್ಬಳ ಪತ್ರ ಓದಿ ತಲೆ ಕೆಟ್ಟುಹೋಗಿದೆ. ಉಳಿದ ಪತ್ರಗಳಿಗೆ ಮುಂದಿನ ವಾರ ಉತ್ತರಿಸುತ್ತೇನೆ.

ಮದುವೆಯಾಗಿ ಏಳು ವರ್ಷ, ಮಕ್ಕಳಾಗಿಲ್ಲ. ಹುಬ್ಬಳ್ಳಿಯಲ್ಲಿ ಒಮ್ಮೆ ಐವಿಎಫ್ (ಅಂಡಾಣು, ವೀರ್ಯಾಣುಗಳನ್ನು ಮೈಯ ಹೊರಗೆ ಕೂಡಿಸಿ, ಭ್ರೂಣವನ್ನು ಗರ್ಭದಲ್ಲಿ ಇಡುವ ಚಿಕಿತ್ಸೆ) ಆಯಿತು, ಗರ್ಭ ನಿಲ್ಲಲಿಲ್ಲ. ಮುಂದಿನ ತಿಂಗಳು ಎರಡನೆಯದು. ಹೋದ ಸಲ ಬಂದು ಹೋಗುವವರ ಕಣ್ಣಿಗೆ ಬೀಳಬಾರದೆಂದು ಇಂಜೆಕ್ಷನ್‌ಗಳನ್ನು ಫ್ರಿಜ್ಜಿನಲ್ಲಿ ಮೆಂತ್ಯೆ ಪಲ್ಯದ ಸಿವುಡಿನ ಹಿಂದೆ ಮುಚ್ಚಿಟ್ಟು, ರಾತ್ರಿ ಬಚ್ಚಲುಮನೆಯ ಚಿಲಕ ಹಾಕಿಕೊಂಡು ತಾನೇ ಹೊಟ್ಟೆಗೆ ಚುಚ್ಚಿಕೊಂಡಿದ್ದಾಳೆ. ಅತ್ತೆಯ ಹರಕೆಗೆ ಸೋಮವಾರ ಉಪವಾಸ. ಓಣಿಯ ಬಸುರಿಯೊಬ್ಬಳ ಕುಬಸದಲ್ಲಿ ಕುಂಕುಮದ ಬಟ್ಟಲು ಇವಳನ್ನು ದಾಟಿ ಮುಂದೆ ಹೋಯಿತು. ಹಾವೇರಿಯಿಂದ ಗಂಡನ ಅಕ್ಕನ ಫೋನು: “ನೀ ಟೆನ್ಶನ್ ಮಾಡ್ಕೊಂಡಿ, ಅದಕ್ಕ ನಿಲ್ಲಲಿಲ್ಲ.” ಮನಸ್ಸು ಗಟ್ಟಿ ಮಾಡಿಕೊಳ್ಳುವುದು ಹೇಗೆ ಅಂತ ಕೇಳಿದ್ದಾಳೆ.

ಕಟ್ಟಕಡೆಗೆ, ಹೆಸರಿನ ಮೇಲೆ, ಒಂದೇ ಸಾಲು: “ಇವರ ರಿಪೋರ್ಟೂ ಕಡಿಮಿ ಬಂದದ, ಮನ್ಯಾಗ ಹೇಳಿಲ್ಲ.”

ತಂಗೀ, ನೀನು ಮೊದಲು ಬರೆಯಬೇಕಿದ್ದದ್ದೇ ಇದು. ಮಕ್ಕಳಾಗದ ಜೋಡಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನ ತೊಂದರೆಯೂ ಇರುತ್ತದೆ. ವೀರ್ಯಾಣು ಕಡಿಮೆಯಿದ್ದರೂ ಇಂಜೆಕ್ಷನ್, ಅಂಡಾಣು ತೆಗೆಯುವುದು, ಎಲ್ಲ ಹೆಂಡತಿಯ ಮೈಗೇ. ಅದನ್ನು ಹಂಚಿಕೊಳ್ಳಲು ಬರುವುದಿಲ್ಲ. ಮಾತು ಕೇಳುವುದನ್ನಾದರೂ ಹಂಚಿಕೊಳ್ಳಬೇಕಲ್ಲ?

ಹಾವೇರಿಯ ಅಕ್ಕನ ಮೇಲೆ ನನಗೆ ತಡೆಯಲಾರದ ಸಿಟ್ಟಿದೆ. 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 14 ಅಧ್ಯಯನಗಳ, 3,583 ಹೆಂಗಸರ ಮಾಹಿತಿ ಒಟ್ಟುಗೂಡಿಸಿದ ವಿಶ್ಲೇಷಣೆ ಬಂತು. ಚಿಕಿತ್ಸೆಗೆ ಮೊದಲಿನ ಚಿಂತೆ, ದುಃಖಗಳಿಂದ ಆ ಸಲದ ಚಿಕಿತ್ಸೆ ಕೆಡುವುದಿಲ್ಲ ಎಂದು ಅದರಲ್ಲಿ ಕಂಡುಬಂತು. ನೀನು ಅತ್ತದ್ದಕ್ಕೆ ಏನೂ ಕೈತಪ್ಪಿಲ್ಲ. ಅಳು ಬಂದರೆ ಅಳು.

ಅತ್ತೆಯ ಮೇಲೆ ಮಾತ್ರ ಸಿಟ್ಟು ಬರುತ್ತಿಲ್ಲ. ಮಗ ಬಾಯಿ ಬಿಡದಿದ್ದರೆ ಆ ಹಿರಿಯ ಜೀವಕ್ಕೆ ಹೇಗೆ ತಿಳಿಯಬೇಕು? ತನಗೆ ಗೊತ್ತಿದ್ದ ದಾರಿಯಲ್ಲಿ ದೇವರಿಗೆ ಹರಕೆ ಹೊತ್ತಿದ್ದಾಳೆ. ಆದರೆ ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಹರಕೆ ಹೊತ್ತವರೇ ಅದನ್ನು ತೀರಿಸಬೇಕು. ಇಂಜೆಕ್ಷನ್ ನಡೆದಿರುವಾಗ ನೀನು ಹೊಟ್ಟೆ ತುಂಬ ಉಣ್ಣು. ದೇವರ ಕಡೆ ಮನಸ್ಸು ಎಳೆದರೆ, ಸ್ಕ್ಯಾನಿಂಗಿಗೆ ಹುಬ್ಬಳ್ಳಿಗೆ ಬಂದ ದಿನ ಸಿದ್ಧಾರೂಢ ಮಠದಲ್ಲಿ ಅರ್ಧ ತಾಸು ಕೂಡು. ಏನನ್ನೂ ಬೇಡಿಕೊಳ್ಳದೆ ‘ಓಂ ನಮಃ ಶಿವಾಯ’ ಅನ್ನುತ್ತ ಸುಮ್ಮನೆ ಕೂಡು.

ಆಪ್ತಸಮಾಲೋಚನೆ ಕೊಡುವುದು, ಫಲಿಸುವ ಸಾಧ್ಯತೆ ಎಷ್ಟೆಂದು ಬಿಡಿಸಿ ಹೇಳುವುದು ಸಂತಾನ ನೆರವಿನ ಚಿಕಿತ್ಸೆಗಳ ಕುರಿತ 2021ರ ಕಾಯ್ದೆಯ ಪ್ರಕಾರ ಐವಿಎಫ್ ಕ್ಲಿನಿಕ್ಕಿನ ಕರ್ತವ್ಯ. ಸಂಕೋಚ ಬಿಟ್ಟು ಕೇಳು. ಭ್ರೂಣ ಇಟ್ಟ ಮೇಲೆ ರಕ್ತಪರೀಕ್ಷೆಯ ತನಕ ಸುಮಾರು ಎರಡು ವಾರ ಕಾಯುವುದಿದೆಯಲ್ಲ, ಅದರಷ್ಟು ಕಠಿಣ ಬೇರೊಂದಿಲ್ಲ. ಆಗ ರಾತ್ರಿ ನಿದ್ದೆ ಬರದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡು. ಹೊತ್ತಿಲ್ಲದ ಹೊತ್ತಿನಲ್ಲೂ ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ.

ಇಷ್ಟೆಲ್ಲ ಮರೆತರೂ ಇದೊಂದನ್ನು ಮಾಡು. ಈ ಸಲದ ಮೊದಲ ಇಂಜೆಕ್ಷನ್ನಿಗಿಂತ ಮುಂಚೆ ನಿನ್ನ ಗಂಡ ತನ್ನ ತಾಯಿಯ ಮುಂದೆ ಕೂತು, ತನ್ನ ರಿಪೋರ್ಟಿನಲ್ಲಿ ಏನಿದೆ ಅಂತ ತನ್ನ ಬಾಯಿಂದಲೇ ಹೇಳಬೇಕು. ಅವನ ಬದಲು ನೀನು ಹೇಳಬೇಡ, ನಡುವೆ ಮಾತು ಸೇರಿಸಲೂ ಬೇಡ. ಅದಾದ ಮೇಲೆ ಹಾವೇರಿಗೆ ಫೋನ್ ಹಚ್ಚುವುದೂ ಅವನ ಕೆಲಸವೇ.