ಅಣುಬಾಂಬ್ ಇಲ್ಲದೆಯೂ ಟೋಕಿಯೋ ಹೇಗೆ ಸುಟ್ಟುಹೋಯ್ತು?

ಟೋಕಿಯೋ ಮೇಲೆ ಅಣುಬಾಂಬ್ ಬೀಳಲೇ ಇಲ್ಲ, ಆದರೂ ಒಂದೇ ರಾತ್ರಿ ಅಷ್ಟು ಜನ ಹೇಗೆ ಸತ್ತರು ಅಂತ ಕೇಳಿದ್ದೀರಿ. ಬೆಂಕಿಯೇ ಸಾಕಾಯ್ತು. 1945ರ ಮಾರ್ಚ್ 9ರ ರಾತ್ರಿ ಅಮೆರಿಕದ ಸುಮಾರು 280 ಬಿ-29 ವಿಮಾನಗಳು ಬಂದು 1,600 ಟನ್‌ಗೂ ಜಾಸ್ತಿ ಬೆಂಕಿ ಬಾಂಬ್ ಸುರಿದವು. ಹೆಚ್ಚಿನವುಗಳಲ್ಲಿ ಇದ್ದದ್ದು ನೇಪಾಮ್, ಅಂದರೆ ಲೋಳೆಯ ಹಾಗೆ ಗಟ್ಟಿ ಮಾಡಿದ ಪೆಟ್ರೋಲು. ಗೋಡೆಗಾಗಲಿ ಮೈಗಾಗಲಿ ಅಂಟಿಕೊಂಡೇ ಉರಿಯುತ್ತದೆ, ಒರೆಸಲು ಹೋದರೆ ಕೈಗೂ ಹರಡುತ್ತದೆ. ಮನೆಗಳೋ ಮರದವು, ಒತ್ತೊತ್ತಾಗಿ ಇದ್ದವು, ಸಾಲದ್ದಕ್ಕೆ ಅವತ್ತು ಜೋರು ಗಾಳಿ ಬೇರೆ, ಹಾಗಾಗಿ ಅಲ್ಲಲ್ಲಿ ಹತ್ತಿದ ಬೆಂಕಿಯೆಲ್ಲ ಸೇರಿ ಒಂದಾದ ಮೇಲೆ ಅಗ್ನಿಶಾಮಕದವರು ಏನೂ ಮಾಡುವ ಹಾಗಿರಲಿಲ್ಲ. ದಾಳಿ ವೇಳೆ ತಲೆಗೆ ಪೆಟ್ಟಾಗದಿರಲಿ ಅಂತ ಜನ ಹಾಕಿಕೊಳ್ಳುತ್ತಿದ್ದ ಹತ್ತಿ ತುಂಬಿದ ಟೊಪ್ಪಿಗೇ ಕಿಡಿ ತಾಗಿ ಹೊತ್ತಿಕೊಂಡಿತು. ಕಾಲುವೆಗೆ ಹಾರಿದವರಲ್ಲೂ ಎಷ್ಟೋ ಜನ ಉಳಿಯಲಿಲ್ಲ. ಸತ್ತವರು ಸುಮಾರು 1 ಲಕ್ಷ, ಮನೆ ಕಳೆದುಕೊಂಡವರು ಸುಮಾರು 10 ಲಕ್ಷ.

ಇನ್ನು "ಈಗ ಇದಕ್ಕೆಲ್ಲ ನಿಷೇಧ ಇದೆ ಅಲ್ವಾ" ಅಂದಿದ್ದೀರಿ. ಅರ್ಧ ಮಾತ್ರ ನಿಜ. ಕೆಲವು ಅಸ್ತ್ರಗಳ ಬಳಕೆಗೆ ಮಿತಿ ಹಾಕುವ 1980ರ ಅಂತರರಾಷ್ಟ್ರೀಯ ಒಪ್ಪಂದದ ಮೂರನೇ ಪ್ರೋಟೋಕಾಲ್ (ಅದಕ್ಕೆ ಸೇರಿದ ಉಪ-ಒಪ್ಪಂದ) ಪ್ರಕಾರ, ಜನರಿರುವ ಜಾಗದ ನಡುವೆ ಸೇನಾ ಗುರಿ ಇದ್ದರೂ ವಿಮಾನದಿಂದ ಬೆಂಕಿ ಬಾಂಬ್ ಹಾಕುವಂತಿಲ್ಲ. ನೆಲದಿಂದ ಹಾರಿಸುವುದಕ್ಕೆ ನಿಯಮ ಸಡಿಲ. ಗಾಳಿ ತಾಗಿದರೆ ತಾನೇ ಹೊತ್ತಿಕೊಳ್ಳುವ ಬಿಳಿ ರಂಜಕದ್ದಂತೂ (ವೈಟ್ ಫಾಸ್ಫರಸ್) ಇನ್ನೊಂದು ಕಥೆ. ಹೊಗೆ ಎಬ್ಬಿಸಲು ಮಾಡಿದ ಶೆಲ್ ಅಂದುಬಿಟ್ಟರೆ ಅದು ಆ ಪ್ರೋಟೋಕಾಲ್‌ನಲ್ಲಿರುವ ಬೆಂಕಿ ಅಸ್ತ್ರದ ವ್ಯಾಖ್ಯೆಯಿಂದಲೇ ಆಚೆ. ಆದರೆ ಮೈಗೆ ಬಿದ್ದರೆ ಅದು ಮೂಳೆವರೆಗೂ ಸುಡುತ್ತದೆ, ಗಾಯದೊಳಗೆ ಉಳಿದ ಚೂರು ಬ್ಯಾಂಡೇಜ್ ಬಿಚ್ಚಿದಾಗ ಗಾಳಿ ತಾಗಿ ಮತ್ತೆ ಹೊತ್ತಿಕೊಳ್ಳಬಹುದು. ಹೊಗೆಗೆ ಅಂತ ತಂದಿದ್ದು ಅನ್ನುವ ಸಬೂಬು ಸುಟ್ಟವನಿಗೆ ಯಾಕೆ ಬೇಕು ಹೇಳಿ?