‘ಆಲ್ಬಟ್ರಾಸ್’ ಎಂಬ ಹೆಸರಿನ ಮೂಲವೇನು? ಕನ್ನಡದಲ್ಲಿ ಅದನ್ನು ಏನೆಂದು ಕರೆಯಬೇಕು?

ಆಲ್ಬಟ್ರಾಸ್ ಹಕ್ಕಿಗೆ ಕನ್ನಡದ ಹೆಸರೇನು, ಆ ಪದ ಎಲ್ಲಿಂದ ಬಂತು, ಅಮೆರಿಕದ ಅಲ್ಕಟ್ರಾಜ್ ಸೆರೆಮನೆಯ ಹೆಸರಿಗೂ ಅದಕ್ಕೂ ನಂಟಿದೆಯೇ ಎಂದು ಕೇಳಿದ್ದೀರಿ. ಕನ್ನಡದಲ್ಲಿ ‘ಆಲ್ಬಟ್ರಾಸ್’ ಎಂದೇ ಬರೆಯುವುದು ಸರಿ ಎಂಬುದು ನನ್ನ ಅಭಿಪ್ರಾಯ. ರೆಕ್ಕೆ ಬಿಚ್ಚಿದರೆ ಮೂರೂವರೆ ಮೀಟರಿನವರೆಗೂ ಹರಡಿಕೊಳ್ಳುವ ಈ ಹಕ್ಕಿಯ ನೆಲೆ ದಕ್ಷಿಣದ ಸಾಗರಗಳು ಮತ್ತು ಪೆಸಿಫಿಕ್. ನಮ್ಮ ಕರಾವಳಿಯ ಮೀನುಗಾರರಿಗೆ ಅದಕ್ಕೊಂದು ಹೆಸರಿಡುವ ಪ್ರಮೇಯವೇ ಬರಲಿಲ್ಲ. ಮಕ್ಕಳ ವಿಜ್ಞಾನದ ಬರಹವೊಂದನ್ನು ಅನುವಾದಿಸುವಾಗ ನಾನೂ ಉತ್ಸಾಹದಿಂದ ‘ಹೆಗ್ಗಡಲಹಕ್ಕಿ’ ಎಂದು ಬರೆದಿದ್ದೆ. ಮುಂದಿನ ಪುಟದಲ್ಲೇ ಫ್ರಿಗೇಟ್ ಹಕ್ಕಿ ಎದುರಾಯಿತು. ಅದೂ ದೊಡ್ಡದೇ, ಅದೂ ಕಡಲಿನದೇ. ಬರೆದದ್ದನ್ನು ಹೊಡೆದುಹಾಕಿದೆ.

ಪದದ ಮೂಲದ ಕಥೆ ಇದಕ್ಕಿಂತ ಸ್ವಾರಸ್ಯಕರವಾಗಿದೆ. ಇಂಗ್ಲಿಷಿಗೆ ಇದು ಪೋರ್ಚುಗೀಸ್ ಮತ್ತು ಸ್ಪ್ಯಾನಿಷ್ ಭಾಷೆಗಳ ‘ಅಲ್ಕಟ್ರಾಜ್’ ಎಂಬ ಪದದಿಂದ ಬಂದದ್ದು. ಆ ಪದ ಹೆಜ್ಜಾರ್ಲೆ (ಪೆಲಿಕನ್), ಗ್ಯಾನೆಟ್, ಫ್ರಿಗೇಟ್ ಹಕ್ಕಿ ಮುಂತಾದ ಹಲವು ದೊಡ್ಡ ನೀರುಹಕ್ಕಿಗಳಿಗೆ ಸಲ್ಲುತ್ತಿತ್ತು. ಅದರ ಹಿಂದಿರುವುದು ಅರಬ್ಬಿ ಎಂಬುದನ್ನು ಮೊದಲಿನ ‘ಅಲ್’ ಸೂಚಿಸುತ್ತದೆಯಾದರೂ, ಮೂಲಪದ ಯಾವುದೆಂಬಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ‘ಮುಳುಗುವವನು’ ಎಂಬರ್ಥದ ‘ಅಲ್-ಗತ್ತಾಸ್’ ಎಂಬುದು ಒಂದು ವಾದ. ನೀರೆತ್ತುವ ಚಕ್ರಕ್ಕೆ ಸಾಲಾಗಿ ಕಟ್ಟುವ ಗಡಿಗೆ ಎಂಬರ್ಥದ ‘ಅಲ್-ಕಾದೂಸ್’ ಎಂಬುದು ಇನ್ನೊಂದು. ಗಡಿಗೆಯ ವಾದದ ಪ್ರಕಾರ ಹೆಸರು ಮೊದಲು ಹುಟ್ಟಿದ್ದು ಹೆಜ್ಜಾರ್ಲೆಯ ಕೊಕ್ಕಿನ ಚೀಲವನ್ನು ನೋಡಿ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ, ಮನೆಗಳ ನಡುವಿನ ಹುಣಸೆಮರದ ಮೇಲೆ ತಾಯಿಯ ಕೊಕ್ಕಿನ ಚೀಲದೊಳಕ್ಕೆ ಮರಿ ಕತ್ತಿನವರೆಗೂ ತಲೆ ತೂರಿಸಿ ಮೀನು ತಿನ್ನುವುದನ್ನು ನೋಡಿದ ಮೇಲೆ ನನ್ನ ಒಲವು ಗಡಿಗೆಯ ಕಡೆಗೇ ಇದೆ, ಇದನ್ನು ಪುರಾವೆ ಎನ್ನಲಾಗದಿದ್ದರೂ. (ಚಾವಿ, ಬಟಾಟೆಗಳನ್ನು ನೇರವಾಗಿ ನಮ್ಮ ತೀರಕ್ಕೆ ತಂದಿಳಿಸಿದ ಪೋರ್ಚುಗೀಸರು ಈ ಪದವನ್ನು ಮಾತ್ರ ಇಂಗ್ಲಿಷಿನ ಕೈಯಲ್ಲಿ ಕೊಟ್ಟು ಕಳಿಸಿದರು.)

ಸೆರೆಮನೆಯ ನಂಟು ನಿಜವಾದದ್ದು. 1775ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ನಕ್ಷೆ ಮಾಡಿಸಿದ ಸ್ಪೇನಿನ ನೌಕಾಧಿಕಾರಿ ಹ್ವಾನ್ ಮಾನುಯೆಲ್ ದೆ ಅಯಾಲಾ ಅಲ್ಲಿನ ದ್ವೀಪವೊಂದಕ್ಕೆ ‘ಅಲ್ಕಟ್ರಾಜ್‌ಗಳ ದ್ವೀಪ’ ಎಂದು ಹೆಸರಿಟ್ಟನು. ಆ ಹೆಸರೇ ಉಳಿದು, 1934ರಿಂದ 1963ರವರೆಗೆ ಅಲ್ಲಿದ್ದ ಸೆರೆಮನೆಗೂ ಬಂತು. ಅಲ್ಲಿ ಸೂಚಿತವಾದದ್ದು ಆಲ್ಬಟ್ರಾಸ್ ಅಲ್ಲ, ಹೆಜ್ಜಾರ್ಲೆ ಎಂಬುದೇ ಸಾಮಾನ್ಯವಾದ ವಿವರಣೆ.

‘ಅಲ್ಕಟ್ರಾಜ್’ ಎಂಬುದು ‘ಆಲ್ಬಟ್ರಾಸ್’ ಆದದ್ದಕ್ಕೆ ಬಿಳುಪು ಎಂಬರ್ಥದ ಲ್ಯಾಟಿನ್ ಪದ ‘ಆಲ್ಬಸ್’ನ ಪ್ರಭಾವ ಕಾರಣವಿರಬೇಕೆಂದು ನಿಘಂಟುಕಾರರು ಹೇಳುತ್ತಾರೆ. ಮಸಿಬಣ್ಣದ ಆಲ್ಬಟ್ರಾಸ್‌ಗಳೂ ಇವೆ. ಹೆಸರು ಅವುಗಳನ್ನು ಕೇಳಿ ಬದಲಾಗಲಿಲ್ಲ.

ಇದೇ ಕುಟುಂಬದ ಚಿಕ್ಕ ಹಕ್ಕಿಗಳಿಗೆ ಇಂಗ್ಲಿಷಿನಲ್ಲಿರುವ ‘ಮಾಲಿಮಾಕ್’ ಎಂಬ ಹೆಸರು ಡಚ್ಚರದು. ಅದರಲ್ಲಿ ‘ಮಾಲ್’ ಎಂದರೆ ಪೆದ್ದು. ಜಪಾನಿಯರ ‘ಅಹೋದೊರಿ’ ಎಂಬುದರ ಅರ್ಥವೂ ಪೆದ್ದುಹಕ್ಕಿ ಎಂದೇ. ಗಾಳಿಯಲ್ಲಿ ರೆಕ್ಕೆ ಬಡಿಯದೆ ಗಂಟೆಗಟ್ಟಲೆ ತೇಲಬಲ್ಲ ಹಕ್ಕಿ ನೆಲಕ್ಕಿಳಿದಾಗ ತಡವರಿಸುತ್ತದೆ, ಹತ್ತಿರ ಬಂದ ಮನುಷ್ಯನಿಗೆ ಅಂಜುವುದೂ ಇಲ್ಲ. ಆ ನಂಬಿಕೆಗೆ ಮನುಷ್ಯರು ಕೊಟ್ಟ ಹೆಸರು ಅದು.

ಇಂಗ್ಲಿಷಿನಲ್ಲಿ ‘ಕೊರಳಲ್ಲಿ ಆಲ್ಬಟ್ರಾಸ್’ ಎಂಬ ನುಡಿಗಟ್ಟೂ ಇದೆ. 1798ರಲ್ಲಿ ಅಚ್ಚಾದ, ಇಂಗ್ಲಿಷ್ ಕವಿ ಕೋಲ್‌ರಿಜ್‌ನ ನೀಳ್ಗವನದಲ್ಲಿ, ಆಲ್ಬಟ್ರಾಸ್ ಅನ್ನು ಕೊಂದ ನಾವಿಕನ ಕೊರಳಿಗೆ ಸಂಗಡಿಗರು ಆ ಹಕ್ಕಿಯನ್ನೇ ನೇತುಹಾಕುತ್ತಾರೆ; ನುಡಿಗಟ್ಟು ಬಂದದ್ದು ಅಲ್ಲಿಂದ. ಇದನ್ನು ಕನ್ನಡಕ್ಕೆ ತರುವಾಗ ಹಕ್ಕಿಯನ್ನು ಕೈಬಿಟ್ಟು, ಸಂದರ್ಭ ನೋಡಿಕೊಂಡು ‘ಇಳಿಸಲಾಗದ ಹೊರೆ’ ಎಂದೋ ‘ಬಿಡದ ಪಾಪ’ ಎಂದೋ ಬರೆಯುವುದು ಲೇಸು. ಗಾಲ್ಫ್ ವರದಿಯಲ್ಲಿ ಮಾತ್ರ ಪದವನ್ನು ಹಾಗೆಯೇ ಇಡಿ. ಅಲ್ಲಿ ಆಲ್ಬಟ್ರಾಸ್ ಎಂದರೆ ಒಂದು ಕುಳಿಗೆ ನಿಗದಿಯಾದ ಹೊಡೆತಗಳಿಗಿಂತ ಮೂರು ಕಡಿಮೆ ಹೊಡೆತಗಳಲ್ಲಿ ಚೆಂಡನ್ನು ಕುಳಿಗೆ ಸೇರಿಸುವುದು, ಉದಾಹರಣೆಗೆ ಐದರ ಬದಲು ಎರಡರಲ್ಲಿ.