ಪ್ರವಾಸಿ ವೀಸಾದಲ್ಲಿ ಎರಡು ಸಲ ಆರಾರು ತಿಂಗಳು ಅಮೆರಿಕದಲ್ಲಿದ್ದು ಬಂದ ತಾಯಿಯನ್ನು ಮತ್ತೆ ಒಳಗೆ ಬಿಡುತ್ತಾರೆಯೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿರುವುದು ಹೀಗೆ: ತೀರ್ಥಹಳ್ಳಿ ಬಳಿಯ ನಿಮ್ಮ ತಾಯಿಯವರು ಹತ್ತು ವರ್ಷದ ಬಿ-2 ಎಂಬ ಪ್ರವಾಸಿ ವೀಸಾದಲ್ಲಿ ಕಳೆದ ಒಂದೂವರೆ ವರ್ಷದೊಳಗೆ ಎರಡು ಸಲ ಅಮೆರಿಕಕ್ಕೆ ಹೋಗಿ, ಎರಡು ಸಲವೂ ಹೆಚ್ಚುಕಡಿಮೆ ಆರು ತಿಂಗಳು ನಿಮ್ಮ ತಮ್ಮನ ಮನೆಯಲ್ಲಿದ್ದು, ಹೋದ ತಿಂಗಳಷ್ಟೇ ಊರಿಗೆ ಮರಳಿದ್ದಾರೆ. ಅಕ್ಟೋಬರಿನಲ್ಲಿ ತಮ್ಮನ ಹೆಂಡತಿಗೆ ಹೆರಿಗೆ ಇರುವುದರಿಂದ ಮತ್ತೆ ಆರು ತಿಂಗಳಿಗೆ ಹೊರಡುವ ಯೋಚನೆಯಲ್ಲಿದ್ದಾರೆ. ವಿಮಾನ ನಿಲ್ದಾಣದಲ್ಲಿ ತಡೆದು ಹಿಂದಕ್ಕೆ ಕಳಿಸಿಬಿಟ್ಟರೆ ಎಂಬ ಭಯ ನಿಮಗೆ. ನಾನು ವಕೀಲನಲ್ಲ. ಶಿವಮೊಗ್ಗದಲ್ಲಿ ನಿವೃತ್ತನಾದ ಮೇಲೆ ನಾನೂ ನನ್ನ ಹೆಂಡತಿಯೂ ಇದೇ ವೀಸಾದಲ್ಲಿ ಮಗನ ಮನೆಗೆ ಹೋಗಿಬರುತ್ತಿದ್ದೇವೆ, ಬಂಧುಬಳಗದಲ್ಲಿ ಹೊರಡುವವರ ಕಾಗದಪತ್ರ ನೋಡಿಕೊಡುವ ಕೆಲಸವೂ ಹೇಗೋ ನನ್ನ ತಲೆಗೇ ಬಂದಿದೆ.

ಅವರು ಹೋಗಲೇಬಾರದು ಎನ್ನುವ ನಿಯಮ ಯಾವುದೂ ಇಲ್ಲ. ಆದರೂ ಈ ಅಕ್ಟೋಬರಿನಲ್ಲಿ, ಅದೂ ಆರು ತಿಂಗಳಿಗೆಂದು, ಅವರನ್ನು ಕಳಿಸುವುದು ಬೇಡ ಎಂದೇ ನನ್ನ ಅಭಿಪ್ರಾಯ.

ವೀಸಾ ಹತ್ತು ವರ್ಷದ್ದಾಗಿದ್ದರೂ ಅದು ಅಲ್ಲಿನ ವಿಮಾನ ನಿಲ್ದಾಣದವರೆಗೆ ಹೋಗಿ ಪ್ರವೇಶ ಕೇಳುವುದಕ್ಕೆ ಮಾತ್ರ. ಒಳಗೆ ಬಿಡುವುದೂ ಬಿಡದಿರುವುದೂ, ಬಿಟ್ಟರೆ ಎಷ್ಟು ದಿನಕ್ಕೆ ಎನ್ನುವುದೂ ಕೌಂಟರಿನಲ್ಲಿ ಕುಳಿತ ಅಧಿಕಾರಿಯ ತೀರ್ಮಾನ. ಅವರು ಕೊಟ್ಟ ಗಡುವು ಐ-94 ಎಂಬ ದಾಖಲೆಯಲ್ಲಿರುತ್ತದೆ, ಬಿ-2ಕ್ಕೆ ಸಾಮಾನ್ಯವಾಗಿ ಅದು ಆರು ತಿಂಗಳು. ಈಗೀಗ ಪಾಸ್‌ಪೋರ್ಟಿನ ಮೇಲೆ ಮುದ್ರೆಯನ್ನೇ ಒತ್ತದೆ ಬಿಡುವುದೂ ಇರುವುದರಿಂದ, ಇಳಿದ ಮರುದಿನವೇ ಆ ದಾಖಲೆಯನ್ನು ಸರ್ಕಾರಿ ಜಾಲತಾಣದಲ್ಲಿ ತೆರೆದು ದಿನಾಂಕ ನೋಡಿಕೊಳ್ಳುವುದು ಒಳ್ಳೆಯದು. ಆ ದಿನಾಂಕವನ್ನು ಒಂದೇ ಒಂದು ದಿನ ಮೀರಿದರೂ ಹತ್ತು ವರ್ಷದ ವೀಸಾ ರದ್ದಾದಂತೆಯೇ. 180 ದಿನಕ್ಕಿಂತ ಹೆಚ್ಚು ಮೀರಿ ಉಳಿದು ಹೊರಬಂದರೆ ಮೂರು ವರ್ಷ, ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಮೀರಿದರೆ ಹತ್ತು ವರ್ಷ ಆ ದೇಶಕ್ಕೆ ಕಾಲಿಡುವಂತಿಲ್ಲ. ನಿಮ್ಮ ತಾಯಿಯವರು ಎರಡು ಸಲವೂ ಗಡುವಿನೊಳಗೇ ಹೊರಟಿದ್ದಾರೆ ಎಂದು ಬರೆದಿದ್ದೀರಿ, ಹಾಗಾಗಿ ಈ ತೊಡಕು ಅವರಿಗಿಲ್ಲ.

ಅವರ ತೊಡಕು ಬೇರೆಯದು. ಅಮೆರಿಕದ ಕಾನೂನು ಪ್ರವಾಸಿಯಾಗಿ ಬರುವ ಪ್ರತಿಯೊಬ್ಬರನ್ನೂ, ಅವರು ಬೇರೆಯಾಗಿ ತೋರಿಸುವ ತನಕ, ನೆಲೆಸಲು ಬಂದವರೆಂದೇ ಭಾವಿಸುತ್ತದೆ. ಎರಡು ಸಲ ಆರಾರು ತಿಂಗಳಿದ್ದು, ನಡುವೆ ಅಷ್ಟಿಷ್ಟು ದಿನ ಊರಿಗೆ ಬಂದು, ಮೂರನೆಯ ಸಲ ಮತ್ತೆ ಆರು ತಿಂಗಳಿಗೆಂದು ನಿಂತವರ ದಾಖಲೆಯನ್ನು ಅಧಿಕಾರಿ ಪರದೆಯ ಮೇಲೆ ನೋಡಿದಾಗ, ಇವರ ಮನೆ ಇರುವುದು ಅಮೆರಿಕದಲ್ಲಿ, ಇವರು ಪ್ರವಾಸಕ್ಕೆ ಹೋಗುವುದು ಭಾರತಕ್ಕೆ ಎಂದು ಅವನಿಗೆ ಅನಿಸಿದರೆ ಅದನ್ನು ತಪ್ಪೆನ್ನಲು ಬರುವುದಿಲ್ಲ.

ಇಲ್ಲಿ ನಮ್ಮವರಲ್ಲಿ ಓಡಾಡುವ ಒಂದು ಮಾತಿದೆ: ‘ಒಳಗೆ ಎಷ್ಟು ದಿನ ಇದ್ದರೋ ಹೊರಗೂ ಅಷ್ಟು ದಿನ ಇದ್ದರೆ ಸಾಕು, ಯಾರೂ ಕೇಳುವುದಿಲ್ಲ’ ಎಂದು. ಅಂಥ ನಿಯಮ ಅಮೆರಿಕದಲ್ಲಿ ಇಲ್ಲ. ದಿನ ಎಣಿಸಿ ನಡೆಯುವ ನಿಯಮ ಯುರೋಪಿನ ಷೆಂಗೆನ್ ದೇಶಗಳದ್ದು, ಅಲ್ಲಿ ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನ ಮಾತ್ರ. ಅಮೆರಿಕದವರು ಒಟ್ಟು ಚಿತ್ರ ನೋಡುತ್ತಾರೆ. ಹೊರಗಿದ್ದ ಕಾಲ ಒಳಗಿದ್ದ ಕಾಲಕ್ಕಿಂತ ಎದ್ದು ಕಾಣುವಷ್ಟು ಹೆಚ್ಚಾಗಿರಲಿ ಎನ್ನುವುದು ವಿವೇಕದ ಮಾತು, ಕಾನೂನಲ್ಲ.

ಕೌಂಟರಿನಲ್ಲಿ ಸಂಶಯ ಬಂದರೆ ಒಳಗಿನ ಕೋಣೆಗೆ, ಅಂದರೆ ಸೆಕೆಂಡರಿಗೆ, ಕಳಿಸುತ್ತಾರೆ. ನನ್ನ ಹೆಂಡತಿಯನ್ನು ಒಮ್ಮೆ ಹಾಗೆ ಕೂರಿಸಿದ್ದರು. ಸಾಲುಕುರ್ಚಿ, ಮೊಬೈಲ್ ಮುಟ್ಟುವಂತಿಲ್ಲ, ನಾನು ಪಕ್ಕದಲ್ಲಿದ್ದರೂ ಉತ್ತರವನ್ನು ಅವಳೇ ಹೇಳಬೇಕು. ಹೋದ ಸಲ ಯಾವಾಗ ಬಂದಿರಿ, ಎಷ್ಟು ದಿನ ಇದ್ದಿರಿ, ಊರಿನಲ್ಲಿ ಯಾರಿದ್ದಾರೆ, ಖರ್ಚು ಯಾರದು, ದಿನವಿಡೀ ಅಲ್ಲಿ ಏನು ಮಾಡುತ್ತೀರಿ ಎಂದು ಒಂದೊಂದಾಗಿ ಕೇಳಿ, ಹೇಳಿದ್ದನ್ನೆಲ್ಲ ಟೈಪು ಮಾಡಿಕೊಂಡು, ಕೊನೆಗೆ ಬಿಟ್ಟರು. ಇಂಗ್ಲಿಷು ತಡವರಿಸುವವರು ದುಭಾಷಿ ಬೇಕೆಂದು ಕೇಳಬಹುದು. ಅರ್ಥವಾಗದ ಪ್ರಶ್ನೆಗೆ ಹೂಂಗುಟ್ಟುವುದಕ್ಕಿಂತ ಅದು ಎಷ್ಟೋ ವಾಸಿ. ಹೊಸನಗರದ ನಮ್ಮ ಪರಿಚಿತರೊಬ್ಬರ ಪೆಟ್ಟಿಗೆಯನ್ನೇ ಬಿಚ್ಚಿಸಿದ್ದರು: ಟಿಕೆಟ್ ಮೂರು ತಿಂಗಳಿಗೆ, ಬಿಪಿ ಮಾತ್ರೆ ಮಾತ್ರ ಆರು ತಿಂಗಳಿಗೆ ಆಗುವಷ್ಟು. ಅದನ್ನು ವಿವರಿಸುವಷ್ಟರಲ್ಲಿ ಅವರಿಗೆ ಸಾಕುಸಾಕಾಗಿತ್ತು. ಮೊಬೈಲಿನೊಳಗಿನ ಸಂದೇಶಗಳನ್ನು ತೆರೆದು ನೋಡುವ ಅಧಿಕಾರವೂ ಅವರಿಗಿದೆ. ಆದ್ದರಿಂದ ಬಾಯಲ್ಲಿ ಒಂದು, ಟಿಕೆಟಿನಲ್ಲಿ ಒಂದು, ವಾಟ್ಸ್ಆ್ಯಪಿನಲ್ಲಿ ಇನ್ನೊಂದು ಆಗದಂತೆ ನೋಡಿಕೊಳ್ಳಿ, ಅಂದರೆ ನಿಜವನ್ನೇ ಹೇಳಿ. ಸುಳ್ಳು ಹೇಳಿ ಸಿಕ್ಕಿಬಿದ್ದವರಿಗೆ ಶಾಶ್ವತವಾಗಿಯೇ ಬಾಗಿಲು ಮುಚ್ಚುವ ಕಲಂ ಆ ಕಾನೂನಿನಲ್ಲಿದೆ.

ಬಾಣಂತನದ ವಿಷಯವನ್ನೂ ಮುಚ್ಚಿಡಬೇಕಾಗಿಲ್ಲ. ಮೊಮ್ಮಗುವನ್ನು ನೋಡಲು, ಸೊಸೆಯ ಜೊತೆಗಿರಲು ಅಜ್ಜಿ ಬರುವುದು ಸಹಜ, ಪ್ರವಾಸಿ ವೀಸಾದಲ್ಲಿ ಅದಕ್ಕೆ ಅಡ್ಡಿಯಿಲ್ಲ. ಆದರೆ ಗಂಡಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ, ಮಗುವನ್ನು ನೋಡಿಕೊಳ್ಳುವುದಕ್ಕೆ ಇವರು ಸರದಿಯಂತೆ ವರ್ಷವಿಡೀ ಅಲ್ಲೇ ಇರುತ್ತಾರೆ ಎನ್ನುವ ಅರ್ಥ ಬರುವಂತಿದ್ದರೆ, ಮನೆಕೆಲಸದ ಆಳನ್ನು ಪ್ರವಾಸಿಯೆಂದು ಕರೆಸಿಕೊಂಡಂತೆ ಅಧಿಕಾರಿಗೆ ಕಾಣಿಸಬಹುದು. ಮಾತಿನಲ್ಲಿ ಜಾಣತನ ತೋರಿದರೆ ಇದು ಸರಿಹೋಗುವುದಿಲ್ಲ, ಇರುವ ಅವಧಿಯೇ ಚಿಕ್ಕದಾಗಬೇಕು.

ತೀರ ಕೆಟ್ಟದ್ದಾದರೆ ಏನಾಗುತ್ತದೆ ಎಂದೂ ಕೇಳಿದ್ದೀರಿ. ಎರಡು ದಾರಿಗಳಿವೆ. ಅಧಿಕಾರಿ ಒಪ್ಪಿದರೆ, ಪ್ರವೇಶದ ಕೋರಿಕೆಯನ್ನು ತಾವೇ ಹಿಂಪಡೆದು ಮರಳಬಹುದು. ಸಾಮಾನ್ಯವಾಗಿ ವೀಸಾ ಹೋಗುತ್ತದೆ, ಆದರೆ ವರ್ಷಗಳ ನಿಷೇಧ ಬೀಳುವುದಿಲ್ಲ. ಇನ್ನೊಂದು, ಅವರೇ ಹೊರಹಾಕುವ ಆದೇಶ ಬರೆಯುವುದು. ಆಗ ಐದು ವರ್ಷ ಹೋಗುವಂತಿಲ್ಲ. ಅಡಕತ್ತರಿಯಲ್ಲಿ ಸಿಕ್ಕಿಕೊಂಡಂತಹ ಆ ಹೊತ್ತಿನಲ್ಲಿ ಹಿರಿಯರಿಗೆ ಇದೆಲ್ಲ ಹೊಳೆಯುವುದಿಲ್ಲ. ಹಿಂಪಡೆಯಲು ಅವಕಾಶ ಕೇಳಬಹುದೆಂದು ಮೊದಲೇ ಒಮ್ಮೆ ಹೇಳಿಕೊಟ್ಟಿರಿ.

ಹಾಗಾದರೆ ಏನು ಮಾಡಬೇಕು? ಬಾಣಂತನ ತವರಿನವರು ಮಾಡುವುದೇ ನಮ್ಮ ಕಡೆಯ ರೂಢಿ. ನಿಮ್ಮ ತಮ್ಮನ ಅತ್ತೆಯವರಿಗೆ ವೀಸಾ ಇದೆ, ಅವರು ಒಮ್ಮೆಯೂ ಹೋಗಿಲ್ಲ ಎಂದು ನೀವೇ ಬರೆದಿದ್ದೀರಿ. ಅಕ್ಟೋಬರಿಗೆ ಅವರು ಹೋಗಲಿ. ನಿಮ್ಮ ತಾಯಿಯವರು ಈ ಸಲದ ಅಡಿಕೆಯ ಕೊನೆಕೊಯ್ಲು, ಬೇಯಿಸುವುದು, ಸುಲಿತ ಎಲ್ಲ ಮುಗಿಸಿಕೊಂಡು ಮಾರ್ಚಿನಲ್ಲಿ ಹೊರಟು, ಮಳೆಗಾಲಕ್ಕೆ ಮುಂಚೆ ತೋಟಕ್ಕೆ ಬೋರ್ಡೋ ಔಷಧಿ ಹೊಡೆಸುವ ಹೊತ್ತಿಗೆ ಮರಳುವಂತೆ ಟಿಕೆಟ್ ಮಾಡಿಸಿ. ಆಗ ಊರಿನಲ್ಲಿದ್ದದ್ದು ಎಂಟು ತಿಂಗಳು, ಅಲ್ಲಿರುವುದು ಎರಡೂವರೆ ತಿಂಗಳು. ಮರಳುವ ಕಾರಣವನ್ನು ಕಟ್ಟಿ ಹೇಳಬೇಕಾದ ಪ್ರಮೇಯವೇ ಇಲ್ಲ, ತೋಟವೇ ಕಾರಣ. ತೋಟದ ಪಹಣಿ, ಅಡಿಕೆ ಹಾಕಿದ ಮಂಡಿಯ ಅಥವಾ ಸೊಸೈಟಿಯ ಪಟ್ಟಿ, ಪಿಂಚಣಿ ಬರುತ್ತಿದ್ದರೆ ಬ್ಯಾಂಕಿನ ಪಾಸ್‌ಬುಕ್ಕಿನ ಪ್ರತಿ, ಇಷ್ಟನ್ನು ಕೈಚೀಲದಲ್ಲಿಟ್ಟುಕೊಳ್ಳಲಿ. ಕೇಳಿದರೆ ಮಾತ್ರ ತೋರಿಸಲಿ. ಹಳೆಯ ಪ್ರವಾಸಗಳ ಬೋರ್ಡಿಂಗ್ ಪಾಸ್‌ಗಳನ್ನೂ ಎಸೆಯಬೇಡಿ. ಅಮೆರಿಕದಿಂದ ಹೊರಡುವಾಗ ನಮ್ಮಲ್ಲಿಯಂತೆ ಇಮಿಗ್ರೇಷನ್ ಕೌಂಟರು ಇಲ್ಲ, ನಿರ್ಗಮನ ದಾಖಲಾಗುವುದು ಮುಖ್ಯವಾಗಿ ವಿಮಾನ ಸಂಸ್ಥೆ ಕೊಡುವ ಮಾಹಿತಿಯಿಂದ; ಅದರಲ್ಲಿ ಎಡವಟ್ಟಾದರೆ ಆ ಚೀಟಿಯೇ ಸಾಕ್ಷಿ.

ಅಲ್ಲಿಗೆ ಹೋದ ಮೇಲೆ ಐ-539 ಅರ್ಜಿ ಹಾಕಿ ಇನ್ನಾರು ತಿಂಗಳು ವಿಸ್ತರಿಸಿಕೊಳ್ಳಿ ಎಂದು ಸಲಹೆ ಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಕಾಯಿಲೆ, ಆಪರೇಷನ್ ಇಂಥ ಕಾರಣವಿಲ್ಲದೆ ಅದಕ್ಕೆ ಕೈಹಾಕಬೇಡಿ. ಇನ್ನು ಕೆನಡಾಕ್ಕೆ ಒಂದು ವಾರ ಹೋಗಿಬಂದರೆ ಲೆಕ್ಕ ಹೊಸದಾಗಿ ಶುರುವಾಗುತ್ತದೆ ಎನ್ನುವುದನ್ನು ನೆಚ್ಚಿಕೊಳ್ಳಬೇಡಿ; ಅಧಿಕಾರಿಗಳಿಗೆ ಅದು ಹಳೆಯ ಆಟ.

ಪ್ರತಿವರ್ಷ ಹೋಗುವ ಅಂದಾಜಿದ್ದರೆ ತೆರಿಗೆಯ ಕಡೆಗೂ ಒಂದು ಕಣ್ಣಿರಲಿ. ಈ ವರ್ಷ ಅಮೆರಿಕದಲ್ಲಿದ್ದ ದಿನಗಳು ಪೂರ್ತಿ, ಹಿಂದಿನ ವರ್ಷದ್ದರಲ್ಲಿ ಮೂರನೆಯ ಒಂದು ಪಾಲು, ಅದರ ಹಿಂದಿನದ್ದರಲ್ಲಿ ಆರನೆಯ ಒಂದು ಪಾಲು ಸೇರಿಸಿ 183 ಮುಟ್ಟಿದರೆ, ಪ್ರವಾಸಿ ವೀಸಾದಲ್ಲಿದ್ದರೂ ಅಲ್ಲಿನ ತೆರಿಗೆ ಕಾನೂನಿನ ಲೆಕ್ಕಕ್ಕೆ ನಿವಾಸಿ ಆಗಬಹುದು. ವರ್ಷಕ್ಕೆ 120 ದಿನದೊಳಗಿದ್ದರೆ ಈ ತಲೆನೋವಿಲ್ಲ. ದಾಟಿದವರಿಗೆ 8840 ಎಂಬ ನಮೂನೆಯಿಂದ ಬಿಡಿಸಿಕೊಳ್ಳುವ ದಾರಿಯಿದೆ, ಅದಕ್ಕೆ ಲೆಕ್ಕಪರಿಶೋಧಕರನ್ನು ಕೇಳಿ.

ತಾಯಿಯವರು ಮುಂದೆ ಮಗನ ಬಳಿಯೇ ಇರಬೇಕೆಂದು ಮನೆಯವರ ಮನಸ್ಸಿನಲ್ಲಿದ್ದರೆ ಈ ವೀಸಾ ಅದಕ್ಕಲ್ಲ. ನಿಮ್ಮ ತಮ್ಮ ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿದ್ದಾನೆ, ಅದರಲ್ಲಿ ತಂದೆತಾಯಿಗೆ ಅರ್ಜಿ ಹಾಕಲು ಬರುವುದಿಲ್ಲ, ಗ್ರೀನ್ ಕಾರ್ಡ್ ಬಂದ ಮೇಲೂ ಬರುವುದಿಲ್ಲ. 21 ವರ್ಷ ತುಂಬಿದ ಅಮೆರಿಕದ ಪ್ರಜೆಗಳು ಮಾತ್ರ ಹಾಕಬಹುದು. ಕೆನಡಾದಲ್ಲಾದರೆ ಕಾಯಂ ನಿವಾಸಿಗಳ ತಂದೆತಾಯಿಗೂ ಸೂಪರ್ ವೀಸಾ ಇದ್ದು, ಒಮ್ಮೆ ಹೋದರೆ ಐದು ವರ್ಷದವರೆಗೆ ಇರಬಹುದು, ಅಮೆರಿಕದಲ್ಲಿ ಅಂಥದ್ದಿಲ್ಲ.

ಟಿಕೆಟ್ ಮಾಡಿಸುವಾಗ ಅಬುಧಾಬಿಯ ಮೂಲಕ ಹೋಗುವ ವಿಮಾನಗಳನ್ನೂ ನೋಡಿ. 2014ರಿಂದ ಅಮೆರಿಕದ ಪ್ರವೇಶ ತಪಾಸಣೆ ಅಲ್ಲಿಯೇ ನಡೆಯುತ್ತದೆ. ಹದಿನಾಲ್ಕು ಗಂಟೆ ಕುಳಿತು ದಣಿದ ಮೇಲೆ ಅಧಿಕಾರಿಯೆದುರು ನಿಲ್ಲುವುದು ತಪ್ಪುತ್ತದೆ, ಒಂದು ವೇಳೆ ಬೇಡವೆಂದರೂ ನಾಲ್ಕು ತಾಸಿನ ವಿಮಾನ ಹತ್ತಿ ಬೆಂಗಳೂರಿಗೆ ಬಂದುಬಿಡಬಹುದು.